ನಾಡಿಯ ಲೇಖವೂ ಒತ್ತಡಮಾಪಕದ ಜಾರಿಕೆಯೂ

ಕಾಪುವಿನ ಕಡಲ ತಡಿಯಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹೊತ್ತ ಬಂಡೆಯ ಬುಡದಲ್ಲಿ ನಿಂತು ನೀರನ್ನು ನೋಡುವವನಿಗೆ ಎರಡು ಬಗೆಯ ಚಲನೆಗಳು ಕಾಣಬರುತ್ತವೆ. ಕೆಲವು ಸೆಕೆಂಡುಗಳಿಗೊಮ್ಮೆ ತೆರೆಯೊಂದು ಬಂದು ಬಂಡೆಗೆ ಬಡಿದು ಹಿಂದೆ ಸರಿಯುತ್ತದೆ. ಇದು ಯಾರ ಕಣ್ಣಿಗೂ ಬೀಳುವಂಥದು. ಎರಡನೆಯದು ಒಂದೆರಡು ಗಂಟೆಗಳ ಕಾಲ ನಿಂತವನಿಗೆ ಮಾತ್ರ ತಿಳಿಯುತ್ತದೆ: ತೆರೆಗಳೆಲ್ಲವನ್ನೂ ಹೊತ್ತುಕೊಂಡು ಕಡಲಿನ ಮಟ್ಟವೇ ಮೆಲ್ಲಗೆ ಏರುತ್ತಲೋ ಇಳಿಯುತ್ತಲೋ ಇರುತ್ತದೆ. ಬಂಡೆಯ ಮೇಲೆ ಒಂದು ಗೆರೆಯನ್ನೆಳೆದು, ತೆರೆಗಳ ಎತ್ತರವನ್ನು ಆ ಗೆರೆಯಿಂದ ಅಳೆಯಹೊರಟೆವೆನ್ನಿ. ಉಬ್ಬರದ ಹೊತ್ತಿನ ತೆರೆಗಳು ಇಳಿತದ ಹೊತ್ತಿನವುಗಳಿಗಿಂತ ದೊಡ್ಡವೆಂದು ನಮ್ಮ ಲೆಕ್ಕ ಹೇಳುತ್ತದೆ. ವಾಸ್ತವವಾಗಿ ಎತ್ತರವಾದುದು ತೆರೆಯಲ್ಲ, ಕಡಲು.

ಮನುಷ್ಯನ ಮಣಿಕಟ್ಟಿನ ಮೇಲೆ ಒತ್ತಡದ ಸಂವೇದಕವೊಂದನ್ನಿಟ್ಟು ನಾಡಿಯ ಮಿಡಿತವನ್ನು ಬರೆಯಿಸಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ನಾಡಿಯ ತೆರೆಗಳು ಒಂದರ ಹಿಂದೊಂದು ಅಚ್ಚುಕಟ್ಟಾಗಿ ಬರುತ್ತಿರುತ್ತವೆ; ಆದರೆ ಅವು ನಿಂತ ನೆಲೆ ನಿಲ್ಲದೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಕೆಲವೊಮ್ಮೆ ಕಾಗದದ ಅಂಚನ್ನೇ ದಾಟಿ ಹೋಗಿಬಿಡುತ್ತದೆ. ಯಂತ್ರಜ್ಞರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ನಾವು ಇಲ್ಲಿ ಜಾರಿಕೆ ಎಂದು ಕರೆಯೋಣ.

ಬಂದರುಗಳಲ್ಲಿ ಉಬ್ಬರವಿಳಿತವನ್ನು ಅಳೆಯುವವರು ಒಂದು ಕೊಳವೆಬಾವಿಯಂಥ ಕಂಬವನ್ನು ನೀರಿನಲ್ಲಿ ನಿಲ್ಲಿಸಿ, ಅದರ ಬುಡದಲ್ಲಿ ಸಣ್ಣದೊಂದು ತೂತನ್ನು ಮಾತ್ರ ಬಿಡುತ್ತಾರೆ. ತೆರೆ ಬಂದು ಹೋಗುವಷ್ಟರಲ್ಲಿ ಆ ತೂತಿನ ಮೂಲಕ ಹೆಚ್ಚು ನೀರು ನುಗ್ಗಲಾರದು. ಉಬ್ಬರದ ನಿಧಾನವಾದ ಏರಿಕೆಗಾದರೋ ಬೇಕಾದಷ್ಟು ಸಮಯವಿರುತ್ತದೆ. ಒಳಗಿನ ನೀರು ತೆರೆಯನ್ನು ಮರೆತು ಉಬ್ಬರವನ್ನಷ್ಟೇ ತೋರಿಸುತ್ತದೆ. ನಮಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದುದು: ತೆರೆ ಉಳಿಯಬೇಕು, ಉಬ್ಬರ ಹೋಗಬೇಕು. ಕೇಳಲು ಸುಲಭವಾಗಿರುವ ಈ ಕೆಲಸದಲ್ಲಿ ಎಷ್ಟು ಭೌತಶಾಸ್ತ್ರ ಅಡಗಿದೆ, ಮತ್ತು ಕಣ್ಣುಮುಚ್ಚಿ ಮಾಡಿದರೆ ರೋಗಿಗೆ ಎಂಥ ಹಾನಿಯಾದೀತು ಎಂಬುದನ್ನು ನೋಡುವ.

ಜಾರಿಕೆಯ ಕಥೆ ನಾಡಿಮಾಪನದಷ್ಟೇ ಹಳೆಯದು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಹೆಣ್ಣು ಕುದುರೆಯ ಧಮನಿಗೆ ಗಾಜಿನ ಉದ್ದ ಕೊಳವೆಯನ್ನು ಜೋಡಿಸಿ ರಕ್ತವು ಎಷ್ಟು ಎತ್ತರಕ್ಕೆ ಏರುವುದೆಂದು ನೋಡಿ, 1733ರಲ್ಲಿ ಪ್ರಕಟಿಸಿದನು. ರಕ್ತವು ಏರಿದ್ದು 8 ಅಡಿ 3 ಅಂಗುಲ. ಅಷ್ಟೆತ್ತರದ ಕಂಬದಲ್ಲಿ ಒಂದೊಂದು ಮಿಡಿತಕ್ಕೂ ಕಂಡುಬಂದ ಏರಿಳಿತ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಅಂಗುಲ. ದೊಡ್ಡದೊಂದು ಮಟ್ಟದ ಮೇಲೆ ಸಣ್ಣದೊಂದು ತೆರೆ! 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗನು ತಿರುಗುವ ಉರುಳೆಯ ಮೇಲೆ ಒತ್ತಡವನ್ನು ಬರೆಯಿಸಿದನು. 1860ರಲ್ಲಿ ಫ್ರಾನ್ಸಿನ ಮರೇ ಎಂಬಾತನು ಧಮನಿಯನ್ನು ಕೊಯ್ಯದೆಯೇ, ಮಣಿಕಟ್ಟಿನ ಮೇಲೆ ಸನ್ನೆಯೊಂದನ್ನು ಕೂರಿಸಿ, ಮಸಿ ಹಿಡಿದ ಕಾಗದದ ಮೇಲೆ ನಾಡಿಯ ಆಕಾರವನ್ನು ಕೊರೆಯಿಸಿದನು.

ನಮ್ಮಲ್ಲಿ ನಾಡಿಯನ್ನು ಬೆರಳುಗಳಿಂದಲೇ ಓದುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಹಾವು ಜಿಗಣೆಗಳ ನಡೆಗೂ, ಪಿತ್ತದ ನಾಡಿಯನ್ನು ಕಪ್ಪೆ ಕಾಗೆಗಳ ನೆಗೆತಕ್ಕೂ, ಕಫದ ನಾಡಿಯನ್ನು ಹಂಸ ಪಾರಿವಾಳಗಳ ಗತಿಗೂ ಹೋಲಿಸುತ್ತದೆ. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜು ಇದೆ. ಅಲ್ಲಿಂದ ಕೆಲವೇ ಮೈಲಿ ದೂರದ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಬೆರಳಿನ ಓದನ್ನು ಯಂತ್ರದ ಓದಿನೊಡನೆ ಹೋಲಿಸಿ ನೋಡಬೇಕೆಂಬ ಆಸೆ ಇಂಥ ಊರಿನ ವಿದ್ಯಾರ್ಥಿಗಳಿಗೆ ಬರುವುದು ಸಹಜ. ಆ ಹೋಲಿಕೆಯ ಫಲ ಏನೇ ಆಗಲಿ, ಒಂದು ಮಾತು ನಿಶ್ಚಯ. ಹಾವಿನ ನಡೆಯೋ ಕಪ್ಪೆಯ ನೆಗೆತವೋ ಎಂಬುದು ತೆರೆಯ ಆಕಾರದ ಪ್ರಶ್ನೆ. ಯಂತ್ರವು ತೋರಿಸುವ ಆಕಾರ ಹೃದಯದ್ದಾಗಿರದೆ ಯಂತ್ರದ್ದೇ ಆಗಿದ್ದರೆ ಹೋಲಿಕೆಗೆ ಬೆಲೆಯೇ ಇಲ್ಲ.

ಈಗಿನ ಸಂವೇದಕದ ಒಳಗೇನಿದೆ? ಉಗುರಿನಷ್ಟಗಲದ ಪೆಟ್ಟಿಗೆಯಲ್ಲಿ ಸಿಲಿಕಾನಿನ ತೆಳುವಾದ ಪೊರೆಯೊಂದಿರುತ್ತದೆ. ಒತ್ತಡ ಬಿದ್ದಾಗ ಪೊರೆ ಬಾಗುತ್ತದೆ. ಬಾಗಿದಾಗ ಅದರಲ್ಲಿ ಮೂಡಿಸಿರುವ ನಾಲ್ಕು ರೋಧಗಳ ಬೆಲೆ ಬದಲಾಗುತ್ತದೆ. ಸಿಲಿಕಾನಿನ ಈ ಗುಣವನ್ನು 1954ರಲ್ಲಿ ಸಿ. ಎಸ್. ಸ್ಮಿತ್ ಎಂಬ ವಿಜ್ಞಾನಿ ಅಳೆದು ತೋರಿಸಿದನು. ನಾಲ್ಕೂ ರೋಧಗಳನ್ನು ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಾಣುವ ವ್ಹೀಟ್‌ಸ್ಟನ್ ಸೇತುವೆಯಂತೆಯೇ ಜೋಡಿಸಿರುತ್ತಾರೆ. ಸೇತುವೆಯನ್ನೇ ಏಕೆ ಆರಿಸಿಕೊಂಡರು? ಉಷ್ಣತೆ ಏರಿದರೆ ನಾಲ್ಕೂ ರೋಧಗಳು ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಅವುಗಳ ನಿಷ್ಪತ್ತಿ ಬದಲಾಗದು. ಆದುದರಿಂದ ಸೇತುವೆಯ ಸಮತೋಲವೂ ಕೆಡದು. ಒತ್ತಡಕ್ಕಾದರೋ ಎರಡು ಹೆಚ್ಚುತ್ತವೆ, ಎರಡು ಕಡಿಮೆಯಾಗುತ್ತವೆ. ಜಾರಿಕೆಯ ವಿರುದ್ಧ ಮಾಡಿದ ಅತ್ಯಂತ ಹಳೆಯ, ಅತ್ಯಂತ ಚೆಲುವಾದ ಉಪಾಯ ಇದು ಎಂದು ನಾವು ಭಾವಿಸುತ್ತೇವೆ. ಆದರೆ ನಾಲ್ಕು ರೋಧಗಳು ತದ್ವತ್ತಾಗಿರುವುದು ಪುಸ್ತಕದಲ್ಲಿ ಮಾತ್ರ. ಅವುಗಳಲ್ಲಿರುವ ಅಲ್ಪ ವ್ಯತ್ಯಾಸವೇ ಉಷ್ಣತೆಯೊಡನೆ ಶೂನ್ಯವನ್ನು ಜಾರಿಸುತ್ತದೆ. ವಿದ್ಯುತ್ತನ್ನು ಹರಿಯಿಸಿದೊಡನೆ ಸಂವೇದಕ ತಾನೇ ತುಸು ಬಿಸಿಯಾಗುವುದರಿಂದ, ಮೊದಲ ಕೆಲವು ನಿಮಿಷಗಳ ಲೇಖವನ್ನು ನಂಬದಿರುವುದು ಲೇಸು.

ಸಂವೇದಕ ನಿರ್ದುಷ್ಟವಾಗಿದ್ದರೂ ಅದರ ಸುತ್ತಣ ವಸ್ತುಗಳು ಸುಮ್ಮನಿರುವುದಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಪ್ರಯೋಗವನ್ನು ತೆಗೆದುಕೊಳ್ಳೋಣ. ಸಣ್ಣದೊಂದು ರಬ್ಬರಿನ ಗಾಳಿಚೀಲವನ್ನು ಮಣಿಕಟ್ಟಿನ ಮೇಲೆ ಪಟ್ಟಿಯಿಂದ ಬಿಗಿದು, ಚೀಲದ ಕೊಳವೆಯನ್ನು ಸಂವೇದಕಕ್ಕೆ ಸೇರಿಸುತ್ತಾರೆ. ಚೀಲದಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗದು. ಕೋಣೆಯ ಉಷ್ಣತೆ 27 ಡಿಗ್ರಿ, ಎಂದರೆ ನಿರಪೇಕ್ಷ ಮಾನದಲ್ಲಿ 300 ಡಿಗ್ರಿ ಎನ್ನೋಣ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ನಿರಪೇಕ್ಷ ಉಷ್ಣತೆಯ ಅನುಪಾತದಲ್ಲಿರುತ್ತದೆಂಬುದು ಎಲ್ಲರೂ ಓದಿದ ನಿಯಮ. ವಾಯುಮಂಡಲದ ಒತ್ತಡ 760 ಮಿಲಿಮೀಟರ್ ಪಾದರಸ. ಉಷ್ಣತೆ ಒಂದು ಡಿಗ್ರಿ ಏರಿದರೆ ಒತ್ತಡ 760ನ್ನು 300ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 2.5 ಮಿಲಿಮೀಟರ್, ಏರಬೇಕು. ಮಣಿಕಟ್ಟಿನ ಚರ್ಮ ಸುಮಾರು 33 ಡಿಗ್ರಿಯಷ್ಟು ಬೆಚ್ಚಗಿದ್ದರೆ, ಚೀಲದ ಗಾಳಿ ಆ ಬಿಸುಪನ್ನು ಪಡೆಯುವಷ್ಟರಲ್ಲಿ ಒತ್ತಡ 15 ಮಿಲಿಮೀಟರ್ ಏರಿರುತ್ತದೆ. ಇಂಥ ಚೀಲದಲ್ಲಿ ಒಂದು ಮಿಡಿತ ಉಂಟುಮಾಡುವ ಏರಿಳಿತವಾದರೋ ಕೆಲವೇ ಮಿಲಿಮೀಟರು! ರಬ್ಬರು ಹಿಗ್ಗಿಕೊಡುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ. ಆದರೂ ತೆರೆಗಿಂತ ಉಬ್ಬರ ದೊಡ್ಡದಾಗಲು ಅಷ್ಟೇ ಸಾಕು. ಮದ್ದೂ ಇದರಲ್ಲಿಯೇ ಇದೆ. ಚೀಲವನ್ನು ಕಟ್ಟಿ, ಬಾಯಿ ತೆರೆದೇ ಇಟ್ಟು, ಹತ್ತು ನಿಮಿಷ ಚರ್ಮದ ಬಿಸುಪಿಗೆ ಒಗ್ಗಲು ಬಿಟ್ಟು, ಬಳಿಕ ಬಾಯಿ ಮುಚ್ಚಬೇಕು. ಗಾಳಿಯ ಪರಿಮಾಣ ಕಡಿಮೆಯಾದಷ್ಟೂ ಅದು ಬೇಗ ಒಗ್ಗುತ್ತದೆ. ಮಿಡಿತವೂ ಸ್ಫುಟವಾಗಿ ಕಾಣುತ್ತದೆ. ಮೊಳದುದ್ದದ ಕೊಳವೆ ಎರಡಕ್ಕೂ ಶತ್ರು.

ಒತ್ತಡವನ್ನು ಯಾವುದರಿಂದ ಎಣಿಸುತ್ತೇವೆ ಎಂಬುದೂ ಮುಖ್ಯ. ಪೊರೆಯ ಹಿಂಬದಿಯಲ್ಲಿ ನಿರ್ವಾತವನ್ನಿಟ್ಟು ಮುಚ್ಚಿದ ಸಂವೇದಕಗಳುಂಟು. ಅವು ವಾಯುಮಂಡಲವನ್ನೂ ಸೇರಿಸಿಯೇ ಅಳೆಯುತ್ತವೆ. ಕಾಪುವಿನ ಮರಳ ದಂಡೆಯಿಂದ ಅಂಥದೊಂದನ್ನು ಬಸ್ಸಿನಲ್ಲಿ ಕಾರ್ಕಳಕ್ಕೆ ಒಯ್ದೆವೆನ್ನಿ. ಕಾರ್ಕಳ ಕಡಲಿನ ಮಟ್ಟಕ್ಕಿಂತ ಸುಮಾರು 80 ಮೀಟರ್ ಎತ್ತರದಲ್ಲಿದೆ. ನಡುವಣ ಗಾಳಿಯ ಕಂಬದ ಭಾರ ಕಳೆದುದರಿಂದ ಸಂವೇದಕ ಸುಮಾರು 7 ಮಿಲಿಮೀಟರ್ ಕಡಿಮೆ ತೋರಿಸುತ್ತದೆ. ರೋಗಿಯ ರಕ್ತದ ಒತ್ತಡವೇನೂ ಇಳಿದಿಲ್ಲ! ಊರು ಬಿಟ್ಟು ಕದಲದಿದ್ದರೂ ತಪ್ಪದು. ನಮ್ಮಂಥ ಉಷ್ಣವಲಯದಲ್ಲಿ ವಾಯುಮಂಡಲಕ್ಕೂ ದಿನಕ್ಕೆರಡು ಉಬ್ಬರಗಳುಂಟು; ಬೆಳಗ್ಗೆ ಹತ್ತರ ಸುಮಾರಿಗೆ ಏರಿದ ಒತ್ತಡ ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಮಿಲಿಮೀಟರ್ ಇಳಿದಿರುತ್ತದೆ. ಆದುದರಿಂದ ಇಂಥ ಕೆಲಸಕ್ಕೆ ಪೊರೆಯ ಹಿಂಬದಿಗೆ ತೂತಿರುವ, ಹೊರಗಿನ ಗಾಳಿಯೊಡನೆ ಹೋಲಿಸಿ ಅಳೆಯುವ ಸಂವೇದಕವೇ ತಕ್ಕುದು. ಕೊಳ್ಳುವಾಗ ಆ ತೂತನ್ನು ನೋಡಿಕೊಳ್ಳಬೇಕು. ಅಂಟು ಹಚ್ಚುವಾಗ ಅದನ್ನು ಮುಚ್ಚದಂತೆಯೂ ನೋಡಿಕೊಳ್ಳಬೇಕು.

ಪಟ್ಟಿಯ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಎಳೆದು ಕಟ್ಟಿದ ರಬ್ಬರು ತನ್ನ ಬಿಗಿತವನ್ನು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಕಳೆದುಕೊಳ್ಳುತ್ತದೆ; ಅದರ ಅಡಿಯ ಮಾಂಸಖಂಡವೂ ಅಮುಕಿಕೊಂಡು ಸರಿದುಕೊಡುತ್ತದೆ. ಹಿಗ್ಗದ ಬಟ್ಟೆಯ ಪಟ್ಟಿ ಮೇಲು.

ಇನ್ನು ನಮ್ಮ ಕರಾವಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ತೊಂದರೆ. ಕೆಲವರು ಸಿಲಿಕಾನಿನ ಬದಲು ಪೀಜೋವಿದ್ಯುತ್ ಬಿಲ್ಲೆಗಳನ್ನು ಬಳಸುತ್ತಾರೆ. 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದ ಗುಣ ಇದು: ಒತ್ತಿದರೆ ಸ್ಫಟಿಕದ ಮೈಮೇಲೆ ವಿದ್ಯುದಂಶ ಹುಟ್ಟುತ್ತದೆ. ಆದರೆ ಹುಟ್ಟಿದ ವಿದ್ಯುದಂಶ ಸೋರಿಹೋಗುತ್ತಲೇ ಇರುತ್ತದೆ. ಎಷ್ಟು ಬೇಗ ಸೋರುವುದೆಂಬುದನ್ನು ಧಾರಕತೆ ಮತ್ತು ರೋಧಗಳ ಗುಣಲಬ್ಧ ಹೇಳುತ್ತದೆ. ಧಾರಕತೆ ಸಾವಿರ ಪಿಕೋಫ್ಯಾರಡ್, ರೋಧ ಸಾವಿರ ಮೆಗ್‌ಓಮ್ ಆಗಿದ್ದರೆ ಗುಣಲಬ್ಧ ಒಂದು ಸೆಕೆಂಡು. ಉಪ್ಪಿನ ಭರಣಿಯೇ ನೀರೊಡೆಯುವ ಆಟಿ ತಿಂಗಳಿನಲ್ಲಿ ಬಿಲ್ಲೆಯ ಅಂಚಿನಲ್ಲಿ ತೇವದ ಪೊರೆ ಕಟ್ಟಿ ರೋಧ ಹತ್ತರಲ್ಲೊಂದು ಪಾಲಿಗೆ ಇಳಿಯಿತೆನ್ನಿ. ಸೋರಿಕೆಯ ಕಾಲ ಸೆಕೆಂಡಿನ ಹತ್ತರಲ್ಲೊಂದಂಶವಾಯಿತು. ಆಗ ಬಿಲ್ಲೆ ಒತ್ತಡವನ್ನು ತೋರಿಸದೆ ಒತ್ತಡ ಬದಲಾಗುವ ವೇಗವನ್ನು ತೋರಿಸತೊಡಗುತ್ತದೆ. ಬೇಸಗೆಯಲ್ಲಿ ಬರೆದ ನಾಡಿಯೂ ಮಳೆಗಾಲದಲ್ಲಿ ಬರೆದ ಅದೇ ಮನುಷ್ಯನ ನಾಡಿಯೂ ಬೇರೆಬೇರೆಯಾಗಿ ಕಂಡರೆ, ಋತುವಿನಿಂದ ದೋಷ ಬದಲಾಯಿತೆಂದು ತೀರ್ಮಾನಿಸುವ ಮೊದಲು ಬಿಲ್ಲೆಯನ್ನು ಒಣಗಿಸಿ ನೋಡುವುದು ಉಚಿತ.

ಉಷ್ಣತೆಯ ಜಾರಿಕೆಯನ್ನು ಮೂಲದಲ್ಲಿಯೇ ಹಿಡಿಯುವ ಇನ್ನೊಂದು ಮಾರ್ಗವನ್ನು ತೋರಿಸಲು ಬೆಂಗಳೂರಿನ ಉದಾಹರಣೆಯೊಂದಿದೆ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಮತ್ತು ಅವರ ಸಹೋದ್ಯೋಗಿಗಳು 2010ರ ದಶಕದಲ್ಲಿ ಬೆಳಕಿನ ಎಳೆಯಿಂದ ನಾಡಿಯನ್ನು ಬರೆಯುವ ಉಪಕರಣವನ್ನು ರಚಿಸಿದರು. ಗಾಜಿನ ಎಳೆಯ ಒಳಗೆ ಅತಿ ಸೂಕ್ಷ್ಮವಾದ ಗೆರೆಗಳ ಜಾಲರಿಯೊಂದನ್ನು ಮೂಡಿಸಿದ್ದರೆ ಅದು ಒಂದೇ ಒಂದು ತರಂಗಾಂತರದ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬ್ರಾಗ್ ಜಾಲರಿ ಎಂದು ಇದರ ಹೆಸರು. ನಾಡಿ ಮಿಡಿದಾಗ ಎಳೆ ಹಿಗ್ಗಿ ಗೆರೆಗಳ ಅಂತರ ಹೆಚ್ಚಿ ಆ ತರಂಗಾಂತರ ಸರಿಯುತ್ತದೆ. ಎಳೆ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ ಸರಿಯುವುದು ಸುಮಾರು 1.2 ಪಿಕೋಮೀಟರ್. ಅದರೆ ಉಷ್ಣತೆ ಒಂದೇ ಡಿಗ್ರಿ ಏರಿದರೂ ಅದು ಸುಮಾರು 10 ಪಿಕೋಮೀಟರ್ ಸರಿಯುತ್ತದೆ! ಇಂಥ ಎಳೆಗಳನ್ನು ಬಳಸುವಲ್ಲೆಲ್ಲ ತಿಳಿದಿರುವ ಉಪಾಯವೆಂದರೆ, ಪಕ್ಕದಲ್ಲಿಯೇ ಎಳೆತ ತಾಗದಂತೆ ಇನ್ನೊಂದು ಜಾಲರಿಯನ್ನು ಸುಮ್ಮನೆ ಮಲಗಿಸಿರುವುದು. ಅದು ಬಿಸಿಯನ್ನು ಮಾತ್ರ ಅರಿಯುತ್ತದೆ, ನಾಡಿಯನ್ನು ಅರಿಯದು. ಒಂದರಿಂದ ಇನ್ನೊಂದನ್ನು ಕಳೆದರೆ ನಾಡಿ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿದ ಜಾರಿಕೆಯನ್ನು ಸೋಸಿ ತೆಗೆಯಬೇಕು. ನಿಮಿಷಕ್ಕೆ 72 ಮಿಡಿತವೆಂದರೆ ಸೆಕೆಂಡಿಗೆ 1.2, ಉಸಿರು ನಿಮಿಷಕ್ಕೆ 15 ಎಂದರೆ ಸೆಕೆಂಡಿಗೆ 0.25; ಬಿಸುಪಿನ ಜಾರಿಕೆ ಇವೆರಡಕ್ಕಿಂತಲೂ ಬಹು ನಿಧಾನ. ವೇಗವಾದುದನ್ನು ಬಿಟ್ಟುಕೊಟ್ಟು ನಿಧಾನವಾದುದನ್ನು ತಡೆಯುವ ಸೋಸುಕವನ್ನು ಒಂದು ಧಾರಕ, ಒಂದು ರೋಧಗಳಿಂದ ಮಾಡಬಹುದು. ಒಂದು ಮೈಕ್ರೋಫ್ಯಾರಡ್ ಧಾರಕಕ್ಕೆ 3.2 ಮೆಗ್‌ಓಮ್ ರೋಧ ಸೇರಿಸಿದರೆ ಕಾಲಾಂಕ 3.2 ಸೆಕೆಂಡು, ಸೆಕೆಂಡಿಗೆ 0.05ಕ್ಕಿಂತ ನಿಧಾನವಾದ ಆಂದೋಲನಗಳು ತಗ್ಗುತ್ತವೆ. ಗಣಕಯಂತ್ರದಲ್ಲಾದರೆ ಇದು ಇನ್ನೂ ಸುಲಭ. ಸೆಕೆಂಡಿಗೆ 100 ಬಾರಿ ಅಳತೆ ತೆಗೆದು, ನೆಲೆ ಎಂಬ ಒಂದು ಸಂಖ್ಯೆಯನ್ನು ಇಟ್ಟುಕೊಂಡು, ಪ್ರತಿ ಅಳತೆಗೂ ನೆಲೆಗೂ ಇರುವ ವ್ಯತ್ಯಾಸದ 320ರಲ್ಲೊಂದು ಪಾಲನ್ನು ನೆಲೆಗೆ ಕೂಡಿಸುತ್ತಾ, ಅಳತೆಯಿಂದ ನೆಲೆಯನ್ನು ಕಳೆಯುತ್ತಾ ಹೋದರಾಯಿತು. ಬಂದರಿನ ಕೊಳವೆಬಾವಿಯಲ್ಲಿ ಉಬ್ಬರವನ್ನು ಹಿಡಿದು, ಅದನ್ನು ಕಡಲಿನಿಂದ ಕಳೆದಂತೆ.

ಜಾರಿಕೆ ಇನ್ನೂ ಕಾಣುತ್ತಿದೆಯೆಂದು ವಿದ್ಯಾರ್ಥಿ 3.2 ಮೆಗ್‌ಓಮಿನ ಜಾಗದಲ್ಲಿ 0.32 ಮೆಗ್‌ಓಮ್ ಹಾಕಿದನೆನ್ನಿ. ಲೇಖ ಥಟ್ಟನೆ ನೇರವಾಗಿ ನಿಲ್ಲುತ್ತದೆ. ನೋಡಲು ಬಲು ಸೊಗಸು. ಬೆಲೆ ಏನೆಂದು ಲೆಕ್ಕ ಹಾಕೋಣ. ಅರ್ಧ ಸೆಕೆಂಡು ಒಂದೇ ಎತ್ತರದಲ್ಲಿರಬೇಕಾದ ಒತ್ತಡ ಮೊದಲ ಸೋಸುಕದಲ್ಲಿ ನೂರಕ್ಕೆ 85ರಷ್ಟು ಉಳಿಯುತ್ತಿತ್ತು. ಎರಡನೆಯದರಲ್ಲಿ 21ಕ್ಕೆ ಕುಸಿಯುತ್ತದೆ. ಮಿಡಿತದ ಮೂಲ ಆಂದೋಲನ ಎತ್ತರದಲ್ಲಿ ನೂರಕ್ಕೆ ಎಂಟರಷ್ಟು ತಗ್ಗುವುದಲ್ಲದೆ, ಕಾಲದಲ್ಲಿ ಸೆಕೆಂಡಿನ 20ರಲ್ಲೊಂದಂಶದಷ್ಟು ಮುಂದಕ್ಕೆ ಸರಿಯುತ್ತದೆ. ವೇಗದ ಆಂದೋಲನಗಳಾದರೋ ಅಷ್ಟು ಸರಿಯವು. ಒಂದೇ ತೆರೆಯ ಭಾಗಗಳು ಹೀಗೆ ಹಿಂದುಮುಂದಾದರೆ ಆಕಾರವೇ ಬೇರೆಯಾಗುತ್ತದೆ. ಇಳಿಜಾರಿನ ನಡುವೆ ಮಹಾಧಮನಿಯ ಕವಾಟ ಮುಚ್ಚಿದುದನ್ನು ಸೂಚಿಸುವ ಸಣ್ಣ ತಗ್ಗು ಆಳವಾಗಿ ಕಾಣುತ್ತದೆ. ಇಲ್ಲದ ಗುಂಡಿಯೊಂದು ತೆರೆಯ ಕೊನೆಯಲ್ಲಿ ಹುಟ್ಟಿಕೊಳ್ಳುತ್ತದೆ. ಹಂಸವು ಕಪ್ಪೆಯಾಗಲು ಒಂದು ರೋಧ ಸಾಕು! ಇದು ನಾಡಿಗಷ್ಟೇ ಸೀಮಿತವಾದ ಮಾತಲ್ಲ. ರೋಗನಿರ್ಣಯಕ್ಕಾಗಿ ತೆಗೆಯುವ ಇ.ಸಿ.ಜಿ.ಯಲ್ಲಿ ಸೋಸುಕದ ಗಡಿ 0.05 ಇರಬೇಕೆಂದು ವಿಧಿಸಿರುವುದು ಇದೇ ಕಾರಣದಿಂದ, 0.5 ಇಟ್ಟರೆ ಹೃದಯಾಘಾತವನ್ನು ಗುರುತಿಸುವ ಭಾಗವೇ ಮೇಲೆ ಕೆಳಗೆ ಸರಿದು ವೈದ್ಯನಿಗೆ ದಾರಿ ತಪ್ಪಿಸೀತು.

ಲೇಖ ಪೂರ್ತಿಯಾದ ಮೇಲೆ ಸೋಸುವುದಾದರೆ ಒಂದು ಜಾಣತನ ಸಾಧ್ಯ. ಸಂಖ್ಯೆಗಳನ್ನು ಮೊದಲಿನಿಂದ ಕೊನೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ಸೋಸಿದರೆ, ಮುಂದಕ್ಕೆ ಸರಿದುದು ಅಷ್ಟೇ ಹಿಂದಕ್ಕೆ ಸರಿದು ಕಾಲದ ದೋಷ ಅಳಿಸಿಹೋಗುತ್ತದೆ. ಎತ್ತರದ ದೋಷ ಮಾತ್ರ ಇಮ್ಮಡಿಯಾಗುತ್ತದೆ. ಆದುದರಿಂದ ಗಡಿಯನ್ನು ಕೆಳಗೇ ಇಟ್ಟುಕೊಳ್ಳಬೇಕು. ಪ್ರತಿ ತೆರೆಯ ಬುಡವನ್ನು ಗುರುತಿಸಿ, ಬುಡಗಳ ಮೂಲಕ ನುಣುಪಾದ ರೇಖೆಯೊಂದನ್ನೆಳೆದು, ಅದನ್ನು ಕಳೆಯುವ ಕ್ರಮವೂ ಇದೆ. ಇದರಲ್ಲಿ ತೆರೆಯ ಆಕಾರ ಹೆಚ್ಚು ಕೆಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾಲೇಜಿನ ಪ್ರಯೋಗಕ್ಕೆ ಇದೇ ಒಳ್ಳೆಯದು. ಒಂದನ್ನು ಮಾತ್ರ ಯಾವ ಸೋಸುಕವೂ ಸರಿಪಡಿಸಲಾರದು. ಸಿಲಿಕಾನು ಬಿಸಿಯಾದಂತೆ ಅದರ ಶೂನ್ಯ ಜಾರುವುದಲ್ಲದೆ ಅದರ ಸೂಕ್ಷ್ಮತೆಯೂ ಕುಗ್ಗುತ್ತದೆ. ಅದೇ ಮಿಡಿತ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ತಿಳಿದ ಒತ್ತಡವೊಂದನ್ನು ಕೊಟ್ಟು ಅಳತೆಗೋಲನ್ನೇ ಮತ್ತೆ ತಿದ್ದಬೇಕು.

ಇಷ್ಟರವರೆಗೆ ನಿಧಾನವಾದುದೆಲ್ಲ ಕಸವೆಂಬಂತೆ ಮಾತನಾಡಿದ್ದೇವೆ. ಹಾಗಲ್ಲ. ರಕ್ತದ ಒತ್ತಡವು ತಾನೇ ಹತ್ತು ಸೆಕೆಂಡಿಗೊಮ್ಮೆ ಮೆಲ್ಲಗೆ ಏರಿಳಿಯುವುದನ್ನು ಸಿಗ್ಮಂಡ್ ಮೇಯರ್ ಎಂಬಾತ 1876ರಲ್ಲಿಯೇ ವರ್ಣಿಸಿದ್ದನು. ನರಮಂಡಲವು ರಕ್ತನಾಳಗಳನ್ನು ಆಳುತ್ತಿರುವುದರ ಗುರುತು ಅದು. ಆಸ್ಪತ್ರೆಯಲ್ಲಿ ಧಮನಿಯೊಳಕ್ಕೆ ನಳಿಕೆ ಹಾಕಿ ಒತ್ತಡವನ್ನು ಅಳೆಯುವಾಗ, ಸಂವೇದಕವನ್ನು ಹೃದಯದ ಮಟ್ಟದಲ್ಲಿಟ್ಟು ಹೊರಗಾಳಿಗೆ ತೆರೆದು ಶೂನ್ಯವನ್ನು ಹೊಂದಿಸುತ್ತಾರೆ. ಆಮೇಲೆ ಹಾಸಿಗೆಯನ್ನು 10 ಸೆಂಟಿಮೀಟರ್ ಎತ್ತಿ ಸಂವೇದಕವನ್ನು ಅಲ್ಲಿಯೇ ಬಿಟ್ಟರೆ ಒತ್ತಡ 7 ಮಿಲಿಮೀಟರಿಗಿಂತ ಹೆಚ್ಚು ಏರಿದಂತೆ ತೋರುತ್ತದೆ. ಅದನ್ನು ಸೋಸುಕದಿಂದ ತೆಗೆಯುವಂತಿಲ್ಲ. ತೆಗೆದರೆ ರೋಗಿಯ ಒತ್ತಡ ನಿಜವಾಗಿಯೇ ಕುಸಿದಾಗ ಅದೂ ಕಾಣದೆ ಹೋಗುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಉಸಿರಿನ ತೆರೆ. ಉಸಿರನ್ನು ಒಳಗೆಳೆದಾಗ ಹೃತ್ಸಂಕೋಚದ ಒತ್ತಡ ಎಲ್ಲರಲ್ಲಿಯೂ ತುಸು ಇಳಿಯುತ್ತದೆ. ಹೃದಯದ ಸುತ್ತಣ ಚೀಲದಲ್ಲಿ ದ್ರವ ತುಂಬಿ ಹೃದಯವನ್ನು ಅಮುಕುತ್ತಿದ್ದರೆ, ಇಲ್ಲವೆ ಉಬ್ಬಸ ತೀವ್ರವಾಗಿದ್ದರೆ, ಈ ಇಳಿತ 10 ಮಿಲಿಮೀಟರನ್ನು ಮೀರುತ್ತದೆ. 1873ರಲ್ಲಿ ಜರ್ಮನಿಯ ಆಡಾಲ್ಫ್ ಕುಸ್‌ಮೌಲನು ಇದಕ್ಕೆ ವಿರೋಧಾಭಾಸದ ನಾಡಿ ಎಂಬರ್ಥದ ಹೆಸರಿಟ್ಟನು. ಹೃದಯ ಬಡಿಯುತ್ತಲೇ ಇರುವಾಗ ಉಸಿರೆಳೆದೊಡನೆ ಮಣಿಕಟ್ಟಿನ ನಾಡಿ ಮಾಯವಾಗುವುದನ್ನು ಆತ ಕಂಡಿದ್ದನು. ಗಡಿಯನ್ನು 0.5ಕ್ಕೆ ಏರಿಸಿದ ಸೋಸುಕ ಉಸಿರಿನ ವೇಗದ ಏರಿಳಿತವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆ. ಬುಡಗಳನ್ನು ಸಮಮಾಡುವ ಕ್ರಮ ಬುಡದ ಇಳಿತವನ್ನು ಪೂರ್ತಿ ಅಳಿಸುತ್ತದೆ. ಚಿತ್ರ ಚೆನ್ನಾಗಿ ಕಾಣಲೆಂದು ಪ್ರತಿ ತೆರೆಯನ್ನೂ ಒಂದೇ ಎತ್ತರಕ್ಕೆ ಹಿಗ್ಗಿಸುವ ಗಣಕಕ್ರಮಗಳೂ ಉಂಟು; ಅವುಗಳಲ್ಲಿ ಹಾದುಬಂದ ಮೇಲೆ ಈ ನಾಡಿಯ ಗುರುತು ಲವಲೇಶವೂ ಉಳಿಯದು. ಆದುದರಿಂದ ಸೋಸದ ಮೂಲ ಸಂಖ್ಯೆಗಳನ್ನು ಒಂದು ಕಡತದಲ್ಲಿ ಹಾಗೆಯೇ ಉಳಿಸಿ, ಸೋಸಿದುದನ್ನು ಬೇರೆ ಕಡತದಲ್ಲಿ ಇಡುವ ಪದ್ಧತಿಯನ್ನು ವಿದ್ಯಾರ್ಥಿಗಳು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ವೈದ್ಯನಾದರೋ ಇದನ್ನು ಯಾವ ಸೋಸುಕವೂ ಇಲ್ಲದೆ ಅಳೆಯುತ್ತಾನೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಬಹು ನಿಧಾನವಾಗಿ ಬಿಡುತ್ತಾ, ಸ್ಟೆತಸ್ಕೋಪಿನಲ್ಲಿ ಕಿವಿಯಿಟ್ಟು ಕೇಳುತ್ತಾನೆ. ಮೊದಮೊದಲು ಉಸಿರು ಬಿಡುವಾಗ ಮಾತ್ರ ಶಬ್ದ ಕೇಳಿ, ಎಳೆಯುವಾಗ ನಿಲ್ಲುತ್ತದೆ. ಆ ಒತ್ತಡವನ್ನು ಗುರುತು ಹಾಕಿಕೊಳ್ಳುತ್ತಾನೆ. ಇನ್ನಷ್ಟು ಇಳಿಸಿದಾಗ ಶಬ್ದ ಎರಡು ಹೊತ್ತಿನಲ್ಲಿಯೂ ಎಡೆಬಿಡದೆ ಕೇಳತೊಡಗುತ್ತದೆ. ಅದನ್ನೂ ಗುರುತು ಹಾಕಿಕೊಳ್ಳುತ್ತಾನೆ. ಎರಡು ಗುರುತುಗಳ ನಡುವಣ ಅಂತರವೇ ಬೇಕಾದ ಅಳತೆ.